ಹೊಲಿಗೆ ನುಂಗಿದ ಎರಡು ಪದ

ಸಿದ್ದರಾಜಣ್ಣ ಕೂತು ಓದಿದ್ದನ್ನು ನಾನು ನೋಡಿಯೇ ಇಲ್ಲ. ಎರಡು ಕಾಲನ್ನೂ ಅಗಲಿಸಿ ನೆಲಕ್ಕೆ ಊರಿ, ಎಡಗೈಯಲ್ಲಿ ಟ್ಯಾಬು ಹಿಡಿದು, ಬಲಗೈಯನ್ನು ತಲೆಯ ಮೇಲಕ್ಕೆತ್ತಿ ಏನನ್ನಾದರೂ ಹಿಡಿದುಕೊಂಡೇ ಓದಬೇಕು. ನನ್ನ ಅಂಗಡಿಯಲ್ಲಿ ರಟ್ಟು ಪೇರಿಸಿಡುವ ಅಟ್ಟಕ್ಕೆ ಒಂದು ಕಬ್ಬಿಣದ ಪಟ್ಟಿ ಇದೆ. ಅದೇ ಅವರ ಕಂಬಿ. ಅವರ ಬೆರಳು ತಾಗಿ ತಾಗಿ ಅಲ್ಲಿ ನಾಲ್ಕು ಅಂಗುಲದಷ್ಟು ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. "ಕೂತ್ಕಂಡ್ರೆ ಅಕ್ಷರ ಅಲುಗ್ದಂಗೆ ನಿಂತ್ಬುಡ್ತವೆ ಕಣಯ್ಯ, ನಿದ್ದೆ ಬತ್ತದೆ" ಅನ್ನುತ್ತಿದ್ದರು.

ಟ್ಯಾಬಿಗೆ ಒಂದು ಪುಸ್ತಕ ಪೂರ್ತಿ ಇಳಿಯಿತು ಅಂದರೆ ನನ್ನ ಮೇಜಿನ ಮೇಲೆ ಎರಡು ಸಲ ಪಟಪಟ ಬಡಿದು "ರೈಟ್!" ಅಂತ ಕೂಗುವರು. ಹೊಸ ಗಿರಾಕಿಗಳು ಬೆಚ್ಚಿ ತಿರುಗಿ ನೋಡುವರು. ಪಕ್ಕದ ಜೆರಾಕ್ಸ್ ಅಂಗಡಿಯವರು ಅಲ್ಲಿಂದಲೇ "ಯಾವ ಊರು ಬಂತು ಸಾರ್?" ಅಂತ ಕೇಳುವರು.

ನನ್ನದು ಮೈಸೂರಿನ ಕುವೆಂಪುನಗರದಲ್ಲಿ ಬುಕ್ ಬೈಂಡಿಂಗ್ ಅಂಗಡಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ. ನನ್ನ ಕೈಮೇಲೆ ಹಾದುಹೋದಷ್ಟು ಪುಸ್ತಕ ಎಂ.ಎ. ಓದಿದವರ ಕೈಮೇಲೂ ಹೋಗಿರಲಾರದು. ಈಗೆಲ್ಲ ಕಾಲೇಜು ಹುಡುಗರ ಪ್ರಾಜೆಕ್ಟ್ ವರದಿಗಳೇ ಹೆಚ್ಚು. ಆದರೂ ಬಂದವರಿಗೆಲ್ಲ ನಾನು ಒಂದು ಮಾತು ಹೇಳದೆ ಬಿಡುತ್ತಿರಲಿಲ್ಲ: "ನನ್ನ ಬೈಂಡಿಂಗಿನಲ್ಲಿ ಒಂದಕ್ಷರವೂ ಹೋಗಲ್ಲ." ಮೂವತ್ತು ವರ್ಷ ಈ ಮಾತನ್ನು ತಲೆಯೆತ್ತಿ ಹೇಳಿದ್ದೇನೆ.

ಸಿದ್ದರಾಜಣ್ಣನಿಗೂ ಅದನ್ನೇ ಹೇಳಿದೆ, ಅವರು ಮೊದಲ ಸಲ ಬಂದ ದಿನ. ನಿವೃತ್ತರಾಗಿ ಶ್ರೀರಾಂಪುರದಲ್ಲಿ ಮನೆ ಮಾಡಿದ್ದ ಹೊಸತು. ನಾನೂರು ಬಿಡಿ ಹಾಳೆಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಸ್ಕೂಟರಿನಲ್ಲಿ ಬಂದಿದ್ದರು. ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಹಳೆಯ ಪುಸ್ತಕ. ಅವರಿಗೆ ಟ್ಯಾಬು ಸಾಕು, ಆದರೆ ಹೆಂಡತಿ ಜಯಮ್ಮನವರಿಗೆ ಗಾಜಿನ ಮೇಲಿನ ಅಕ್ಷರ ಒಗ್ಗುವುದಿಲ್ಲ. ಅವರಿಗಾಗಿ ಅಕ್ಷರ ದಪ್ಪ ಮಾಡಿಸಿ ಪ್ರಿಂಟ್ ಹಾಕಿಸಿದ್ದರು. ಬೈಂಡಿಂಗಿಗೆ ಎಷ್ಟು ಅಂತ ಕೇಳಿದರು, ಹೇಳಿದೆ.

"ಪುಸ್ತಕಾನೇ ಬಿಟ್ಟಿ ಸಿಕ್ತು. ಅದ್ರ ಅಂಗಿಗೆ ಇಷ್ಟಾ?"

ನನಗೆ ರೇಗಿತು. "ಬಿಟ್ಟಿ ಪುಸ್ತಕಕ್ಕೆ ಬಿಟ್ಟಿ ಅಂಗಿನೇ ಬೇಕಿದ್ರೆ ಪಕ್ಕದಲ್ಲಿ ಸುರುಳಿ ಹಾಕಿ ಕೊಡ್ತಾರೆ, ಹೋಗಿ ಸಾರ್. ನನ್ನತ್ರ ಹಾಳೆ ಜೋಡಿಸಿ ಫಾರಂ ಮಾಡಿ ಹೊಲಿಯೋದು. ಒಂದಕ್ಷರವೂ ಹೋಗಲ್ಲ."

ಅವರು ಸಿಟ್ಟಾಗಲಿಲ್ಲ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ನಕ್ಕರು. "ಬಿಟ್ಟಿ ಅಂದಿದ್ದು ನನ್ ತಪ್ಪು ಕಣಯ್ಯ. ಬಿಟ್ಟಿ ಅಲ್ಲ, ಪಾಸು. ಬರೆದೋರು ತೀರ್ಕಂಡು ಬಾಳ ವರ್ಷ ಆದ್ಮೇಲೆ ಪುಸ್ತಕಕ್ಕೆ ಪಾಸ್ ಸಿಕ್ತದೆ. ಆಮೇಲೆ ಅದ್ರಲ್ಲಿ ಯಾರು ಬೇಕಾದ್ರೂ ಹತ್ತಬೋದು. ಹೊಲಿ, ನೀನು ಕೇಳಿದಷ್ಟೇ ಕೊಡ್ತೀನಿ."

ಹೀಗೆ ಶುರುವಾದದ್ದು. ಅಲ್ಲಿಂದ ತಿಂಗಳಿಗೊಂದೆರಡು ಪುಸ್ತಕ ತಂದೇ ತರುವರು. ತಂದವರು ಹೋಗುತ್ತಲೂ ಇರಲಿಲ್ಲ. ಪಟ್ಟಿ ಹಿಡಿದು ನಿಂತು, ನಾನು ದಾರ ಎಳೆಯುತ್ತಿದ್ದರೆ ಅವರು ನೆಟ್ಟಿನಲ್ಲಿ ಬೇಟೆಯಾಡುವರು. ಯಾವ ಗ್ರಂಥಾಲಯದವರು ಹಳೆಯ ಪುಸ್ತಕಗಳ ಪ್ರತಿ ತೆಗೆದು ಹಾಕಿದ್ದಾರೆ, ಯಾವ ಅಂಗಡಿಯವರು ಇವತ್ತೊಂದು ದಿನ ಮಾತ್ರ ಇ-ಪುಸ್ತಕ ಪುಕ್ಕಟೆ ಬಿಟ್ಟಿದ್ದಾರೆ, ಯಾರ ಬಳಿ ಓದಿಬಿಟ್ಟ ಪುಸ್ತಕ ಅರ್ಧ ಬೆಲೆಗೆ ಇದೆ, ಎಲ್ಲ ಅವರ ನಾಲಗೆಯ ತುದಿಯಲ್ಲಿ, ಒಂದು ಕಾಲದಲ್ಲಿ ಸ್ಟಾಪುಗಳ ಹೆಸರು ಇದ್ದ ಹಾಗೆ. ದುಡ್ಡು ಕೊಟ್ಟು ಕೊಳ್ಳುವ ಪುಸ್ತಕವಾದರೆ ನೋಡಿದ ಕೂಡಲೇ ಕೊಳ್ಳುವವರಲ್ಲ. ಗಾಡಿಗೆ ಹಾಕುವರು. ನೆಟ್ಟಿನ ಅಂಗಡಿಯಲ್ಲಿ ಬೇಕಾದ್ದನ್ನು ಆರಿಸಿ ಇಟ್ಟುಕೊಳ್ಳುವ ಜಾಗಕ್ಕೆ ಗಾಡಿಯ ಗುರುತು ಇರುತ್ತದಲ್ಲ, ಅದಕ್ಕೆ. ಹಾಕಿ ಬೆಲೆ ಇಳಿಯುವವರೆಗೆ ಕಾಯುವರು. "ತಡ್ಕೊ, ಮುಂದಿನ ಸ್ಟಾಪಲ್ಲಿ ಸೀಟು ಖಾಲಿ ಆಯ್ತದೆ." ನನಗೂ ಕಲಿಸಿದರು. ನನ್ನ ಫೋನಿನಲ್ಲಿ ಹುಡುಕುವುದು, ಗಾಡಿಗೆ ಹಾಕುವುದು, ತರಿಸುವುದು ಎಲ್ಲ ಅವರು ಹೇಳಿಕೊಟ್ಟ ವಿದ್ಯೆ. ಅದೇ ವಿದ್ಯೆಯಿಂದ ಅವರಿಗೆ ನಾನು ಏನು ಮಾಡಿದೆ ಅನ್ನುವುದನ್ನೂ ಹೇಳುತ್ತೇನೆ.

ಆದರೆ ಪುಕ್ಕಟೆ ಅಂತ ಕಂಡದ್ದನ್ನೆಲ್ಲ ಬಾಚಿಕೊಳ್ಳುವ ಮನುಷ್ಯ ಅವರಾಗಿರಲಿಲ್ಲ. ಒಂದು ಸಲ ನನ್ನ ಮಗಳ ಬಿ.ಕಾಂ. ಪುಸ್ತಕ ಯಾರೋ ಫೋನಿಗೇ ಕಳಿಸಿದ್ದರು, ಇಡೀ ಪುಸ್ತಕ. ನಾನು ಬೀಗುತ್ತಾ ಸಿದ್ದರಾಜಣ್ಣನಿಗೆ ತೋರಿಸಿದೆ. "ನೋಡಿ ಅಣ್ಣ, ನಮ್ಮುಡುಗಿಗೂ ಪಾಸ್ ಸಿಕ್ತು."

ಅವರು ಬೆರಳಲ್ಲಿ ಎರಡು ಪುಟ ಸರಿಸಿ ಫೋನು ವಾಪಸು ಕೊಟ್ಟರು. "ಇದು ಪಾಸಲ್ಲ. ಬರೆದೋರು ಬದುಕವ್ರೆ, ಅಚ್ಚು ಹಾಕ್ದೋರು ಅಂಗಡಿ ತೆಕ್ಕಂಡು ಕೂತವ್ರೆ. ಇದು ಟಿಕೆಟ್ ಇಲ್ದೆ ಹತ್ತಿರೋದು. ನನ್ ಮುಂದೆ ತೋರಿಸ್ತೀಯಲ್ಲ, ನಾಚಿಕೆ ಆಗಲ್ವಾ?"

"ಯಾರಿಗೆ ಗೊತ್ತಾಗುತ್ತೆ ಬಿಡಿ ಅಣ್ಣ."

"ಗೊತ್ತಾಯ್ತದೆ ಕಣಯ್ಯ. ಎಂಬತ್ತು ಜನ ತುಂಬಿರೋ ಬಸ್ನಲ್ಲಿ ಟಿಕೆಟ್ ಇಲ್ದೋನು ಯಾರು ಅಂತ ಮುಖ ನೋಡಿದ್ರೇ ನಂಗೆ ಗೊತ್ತಾಗೋದು. ಕಿಟಕಿಯಿಂದಾಚೆ ನೋಡ್ತಾನೆ, ಆದ್ರೆ ಏನ್ನೂ ನೋಡ್ತಿರಲ್ಲ. ಅಂಥೋನ್ನ ನಾನು ತಕ್ಷಣ ಹಿಡೀತಿರ್ಲಿಲ್ಲ. ಒಂದು ಸ್ಟಾಪ್ ಬಿಡ್ತಿದ್ದೆ. ತಾನಾಗೇ ಬಂದು 'ಕೊಡಿ ಸಾರ್' ಅಂದ್ರೆ ಕೊಟ್ಟು ಸುಮ್ನಾಗೋದು. ಮನುಷ್ಯಂಗೆ ಒಂದು ಸ್ಟಾಪ್ ಬುಡಬೇಕು."

ಆಮೇಲೆ ಮೂರು ವಾರ ಕಾದು, ಅದೇ ಪುಸ್ತಕದ ಓದಿಬಿಟ್ಟ ಪ್ರತಿಯನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ತರಿಸಿಕೊಟ್ಟರು. ಹಿಂದೆ ಓದಿದ ಯಾರೋ ಪುಟಪುಟಕ್ಕೂ ಅಡಿಗೆರೆ ಎಳೆದಿದ್ದರು. "ನೋಡು, ಪಾಠ ಹೇಳೋರ್ನೂ ಜೊತೇಲೇ ಕಳ್ಸವ್ರೆ" ಅಂದರು.

ಪ್ರತಿದಿನ ಬೆಳಿಗ್ಗೆ ಅವರು ಮೊದಲು ಹುಡುಕುತ್ತಿದ್ದದ್ದು ಒಂದೇ: ಮೈಸೂರಿನ ಗರಡಿಗಳ ಮೇಲೆ ಬಂದ ಪುಸ್ತಕ. ಸಿಗುತ್ತಿರಲಿಲ್ಲ. ಆಮೇಲೆ ಬೇರೆ ಕೆಲಸ. ಯಾಕೆ ಅಂತ ನಾನು ಕೇಳಿರಲಿಲ್ಲ. ಒಂದು ದಿನ ಮಧ್ಯಾಹ್ನ ಮೇಜು ಬಡಿದ ಸದ್ದು ಕೇಳಿತು, "ರೈಟ್" ಮಾತ್ರ ಕೇಳಲಿಲ್ಲ. ತಿರುಗಿ ನೋಡಿದರೆ ಕಂಬಿ ಬಿಟ್ಟು, ಎರಡೂ ಕೈಯಲ್ಲಿ ಟ್ಯಾಬು ಹಿಡಿದು ನಿಂತಿದ್ದರು.

"ಸಿಕ್ತು ಕಣಯ್ಯ" ಅಂದರು. ಅವರ ಅಪ್ಪನ ಕಥೆ ನನಗೆ ಗೊತ್ತಾದದ್ದು ಅವತ್ತು.

ಅವರ ಅಪ್ಪ ಪೈಲ್ವಾನ್ ಮಾದಯ್ಯ. ಅಶೋಕಪುರದ ಗರಡಿಯಲ್ಲಿ ಸಾಮು ಮಾಡಿದವರು. ಒಂದು ವರ್ಷದ ದಸರಾ ಕುಸ್ತಿಯಲ್ಲಿ ಹೊರಗಿನ ದೊಡ್ಡ ಪೈಲ್ವಾನನೊಬ್ಬನ ಮೇಲೆ ಅವರಿಗೆ ಜೋಡಿ ಬಿತ್ತು. "ನಾನೇ ಗೆದ್ದೆ, ಜನ ನನ್ನನ್ನ ಹೆಗಲ ಮೇಲೆ ಹೊತ್ಕಂಡು ಅಖಾಡದಿಂದ ನಮ್ಮ ಬೀದಿಗಂಟ ತಂದ್ರು" ಅಂತ ಮಾದಯ್ಯ ಸಾಯುವವರೆಗೂ ಹೇಳುತ್ತಿದ್ದರಂತೆ. ಬೀದಿಯಲ್ಲಿ ಒಂದಿಬ್ಬರು ಬೇರೆ ಹೇಳುತ್ತಿದ್ದರು: ಮಾದ ಸೋತ, ಗೆದ್ದೆ ಅಂತ ಬುರುಡೆ ಬಿಡುತ್ತಾನೆ, ಸೋತವನನ್ನು ಯಾವನಾದರೂ ಹೊರುತ್ತಾನಾ? ಶಾಲೆಯಲ್ಲಿ ಹುಡುಗರು ಸಿದ್ದರಾಜಣ್ಣನನ್ನು 'ಬುರುಡೆ ಮಾದನ ಮಗ' ಅಂತಲೇ ಕರೆಯುತ್ತಿದ್ದರಂತೆ. ಈ ಹೆಸರು ಹೇಳುವಾಗ ಅರವತ್ತೇಳು ವರ್ಷದ ಆ ಮನುಷ್ಯನ ಕಿವಿ ಕೆಂಪಗಾದದ್ದನ್ನು ನಾನು ನೋಡಿದೆ.

ಆ ಕಾಲದ ಪೈಲ್ವಾನರೊಬ್ಬರು ಊರಿನ ಗರಡಿಗಳ ಬಗ್ಗೆ ಚಿಕ್ಕದೊಂದು ಪುಸ್ತಕ ಬರೆದು ತಾವೇ ಅಚ್ಚು ಹಾಕಿಸಿದ್ದರು. ಅದರಲ್ಲಿ ತಮ್ಮ ಬಗ್ಗೆ ನಾಲ್ಕು ಸಾಲು ಇದೆ ಅಂತ ಮಾದಯ್ಯ ಹೇಳುತ್ತಿದ್ದರು. ಓದಲು ಬಾರದ ಮನುಷ್ಯ, ಯಾರೋ ಹೇಳಿದ್ದನ್ನು ನಂಬಿದ್ದರು. ಮಗ ಆ ಪುಸ್ತಕವನ್ನು ಕಣ್ಣಲ್ಲೂ ಕಂಡಿರಲಿಲ್ಲ. ಈಗ ಯಾವುದೋ ಗ್ರಂಥಾಲಯದ ಪ್ರತಿಯನ್ನು ಫೋಟೋ ತೆಗೆದು ನೆಟ್ಟಿಗೆ ಹಾಕಿದ್ದರು.

ಸಂಜೆಯೊಳಗೆ ಪ್ರಿಂಟ್ ಹಾಕಿಸಿಕೊಂಡು ಬಂದರು. ನಲವತ್ತಾರನೆಯ ಪುಟ ತೆಗೆದು ನನ್ನ ಮುಂದಿಟ್ಟರು. "ಓದು."

ಓದಿದೆ. "ಆ ದಿನದ ಕಡೆಯ ಜೋಡಿಯಲ್ಲಿ ನಮ್ಮ ಮಾದಯ್ಯನು ಮುಕ್ಕಾಲು ಗಂಟೆ ಸೆಣಸಿ" ಅನ್ನುವಲ್ಲಿಗೆ ಸಾಲು ಕಪ್ಪು ನೆರಳಿನೊಳಗೆ ಹೋಗಿತ್ತು. ಮುಂದಿನ ಸಾಲು "ಜನರು ಹೆಗಲ ಮೇಲೆ ಹೊತ್ತು ಮೆರೆಸಿದ್ದು" ಅಂತ ಬಂದು ಮತ್ತೆ ಅದೇ ನೆರಳು. ಅದರ ಮುಂದಿನ ಸಾಲು "ಪೈಲ್ವಾನನನ್ನೇ" ಅಂತ ಶುರುವಾಗುತ್ತಿತ್ತು. ಅಂದರೆ ಬೇಕಾಗಿದ್ದ ಎರಡು ಪದಗಳೇ ಇರಲಿಲ್ಲ. ಮಾದಯ್ಯ ಸೆಣಸಿ ಗೆದ್ದನೋ, ಸೋತನೋ? ಜನ ಹೊತ್ತದ್ದು ಗೆದ್ದ ಪೈಲ್ವಾನನನ್ನೋ, ಸೋತ ಪೈಲ್ವಾನನನ್ನೋ?

"ಒಳಗಿನ ಅಂಚು ಪೂರ್ತಿ ನುಂಗ್ಬುಟ್ಟವ್ನೆ. ಯಾವ ಕಟುಕ ಕಣಯ್ಯ ಇದನ್ನ ಹೊಲಿದಿದ್ದು?" ಅಂದರು ಸಿದ್ದರಾಜಣ್ಣ.

ಯಾವ ಕಟುಕ ಅಂತ ನನಗೆ ಗೊತ್ತಿತ್ತು. ಪ್ರಿಂಟಿನ ಕೊನೆಯ ಹಾಳೆಯಲ್ಲಿ ಹಿಂಬದಿ ರಟ್ಟಿನ ಒಳಮೈ ಬಂದಿತ್ತು. ಅದರ ಮೂಲೆಯಲ್ಲಿ ನೀಲಿ ಪೆನ್ಸಿಲ್ಲಿನ ಒಂದು ಸೊನ್ನೆ, ಸೊನ್ನೆಯ ನಡುವೆ ಒಂದು ಗೀಟು. ಅದು ನನ್ನ ಗುರುತು. ಈಗಲೂ ಪ್ರತಿ ಪುಸ್ತಕಕ್ಕೂ ಅದನ್ನೇ ಹಾಕುತ್ತೇನೆ.

ಪುಸ್ತಕ ಹೊಲಿಯಲು ಎರಡು ದಾರಿ. ಒಂದೊಂದು ಫಾರಮನ್ನೂ, ಅಂದರೆ ಮಡಿಸಿದ ಹಾಳೆಗಳ ಕಂತೆಯನ್ನೂ, ಬಿಡಿಸಿ ಅದರ ನಡುಮಡಿಕೆಯಲ್ಲಿ ಸೂಜಿ ಹಾಕಿ ಹೊಲಿಯುವುದು ಒಂದು. ನಿಧಾನದ ಕೆಲಸ, ಆದರೆ ಪುಸ್ತಕ ಅಂಗೈಯ ಹಾಗೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು, ಇಡೀ ಪುಸ್ತಕವನ್ನು ಒತ್ತಿಟ್ಟು, ಬೆನ್ನಿನ ಪಕ್ಕದಲ್ಲಿ ದಬ್ಬಣದಿಂದ ತೂತು ಹೊಡೆದು ಒಂದೇ ಸಲ ಎಳೆದು ಕಟ್ಟುವುದು. ಬೇಗ ಮುಗಿಯುತ್ತದೆ. ಒಳ ಅಂಚು ಕಡಿಮೆಯಿದ್ದರೆ ಮಾತ್ರ ಸಾಲಿನ ಕೊನೆಯ ಅಕ್ಷರಗಳು ಹೊಲಿಗೆಯೊಳಗೆ ಹೋಗುತ್ತವೆ. ಮೂವತ್ತು ವರ್ಷದ ಹಿಂದೆ, ಅಂಗಡಿ ಹಾಕಿದ ಹೊಸದರಲ್ಲಿ, ಒಂದು ಗ್ರಂಥಾಲಯದ ಹಳೆಯ ಪುಸ್ತಕಗಳ ಕೆಲಸ ನನಗೆ ಸಿಕ್ಕಿತ್ತು. ಮಾರ್ಚ್ ಮುಗಿಯುವುದರೊಳಗೆ ಕೊಡಬೇಕು ಅಂದರು. ಕೊನೆಯ ಒಂದು ಕಟ್ಟನ್ನು, ಯಾರು ಬಿಚ್ಚಿ ನೋಡುತ್ತಾರೆ ಅಂತ, ದಬ್ಬಣದಲ್ಲಿ ಹೊಡೆದು ಎಳೆದು ಕಟ್ಟಿಕೊಟ್ಟೆ. ಒಂದೇ ಕಟ್ಟು. ಮಿಕ್ಕಿದ್ದೆಲ್ಲ ನಡುಮಡಿಕೆಯ ಹೊಲಿಗೆ. 'ಒಂದಕ್ಷರವೂ ಹೋಗಲ್ಲ' ಅನ್ನುವಾಗ ಆ ಕಟ್ಟನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಈಗ ಆ ಹೊಲಿಗೆಯ ಫೋಟೋ ಲೋಕಕ್ಕೆಲ್ಲ ಪುಕ್ಕಟೆ ಸಿಗುತ್ತಿತ್ತು.

ಸಿದ್ದರಾಜಣ್ಣ ನನ್ನನ್ನೇ ನೋಡುತ್ತಿದ್ದರು. ನಾನು ರಸ್ತೆಯ ಕಡೆ ನೋಡುತ್ತಾ, "ಯಾರೋ ಅರ್ಜೆಂಟಿನಲ್ಲಿ ಹೊಲಿದಿರಬೇಕು ಅಣ್ಣ. ಅಕ್ಷರ ಕತ್ತರಿಸಿ ಹೋಗಿಲ್ಲ, ಹೊಲಿಗೆಯ ಒಳಗೆ ಇದೆ. ಆ ಪುಸ್ತಕ ಸಿಕ್ಕರೆ ದಾರ ಬಿಚ್ಚಿ ನೋಡಬಹುದು" ಅಂದೆ. ಅಷ್ಟು ಹೇಳುವುದಕ್ಕೆ ನನಗೆ ಬಾಯಿ ಬಂತು. ಅದಕ್ಕಿಂತ ಮುಂದಕ್ಕೆ ಬರಲಿಲ್ಲ.

"ಅಂಗಾ?" ಅಂದರು. ಇನ್ನೇನೂ ಕೇಳಲಿಲ್ಲ.

ಅವರು ಗ್ರಂಥಾಲಯಕ್ಕೆ ಹೋಗಿ ಬಂದರು. ಹಳೆಯದನ್ನೆಲ್ಲ ಫೋಟೋ ತೆಗೆದ ಮೇಲೆ ಹರಿದವನ್ನು ವಿಲೇವಾರಿ ಮಾಡಿಬಿಟ್ಟಿದ್ದರು. ಎಷ್ಟೋ ತಿಂಗಳ ಮೇಲೆ ಹಳೆಯ ಪುಸ್ತಕ ಮಾರುವವರ ನೆಟ್ಟಿನ ಅಂಗಡಿಯಲ್ಲಿ ಅದೇ ಪ್ರತಿ ಕಾಣಿಸಿಕೊಂಡಿತು. ನೆಟ್ಟಿನ ಫೋಟೋದಲ್ಲಿದ್ದ ಅದೇ ಕೆಂಪು ಕ್ಯಾಲಿಕೊ ಬಟ್ಟೆ, ಬೆನ್ನ ಮೇಲೆ ಅದೇ ಗ್ರಂಥಾಲಯದ ನಂಬರು. ಸಿದ್ದರಾಜಣ್ಣ ಅದನ್ನು ಗಾಡಿಗೆ ಹಾಕಿ ನನಗೆ ತೋರಿಸಿದರು.

"ಇನ್ನೇನು ಅಣ್ಣ, ತರಿಸಿಬಿಡಿ."

"ತಡ್ಕೊ, ಮುಂದಿನ ಸ್ಟಾಪಲ್ಲಿ ಸೀಟು ಖಾಲಿ ಆಯ್ತದೆ."

ತಿಂಗಳು ಕಳೆದು ಬೆಲೆ ಇಳಿಯಿತು. ತರಿಸಲಿಲ್ಲ. ಹಬ್ಬದ ರಿಯಾಯಿತಿಯಲ್ಲಿ ಇನ್ನೂ ಇಳಿಯಿತು. ಆಗಲೂ ಇಲ್ಲ. ದಿನಾ ಬೆಳಿಗ್ಗೆ ಗಾಡಿ ತೆಗೆದು ಅದು ಇದೆಯಾ ಅಂತ ನೋಡುವರು, ಮುಚ್ಚುವರು. ನಾನು ಚುಚ್ಚಿದೆ: "ಏನಣ್ಣ, ಅಪ್ಪನ ಮಾನಕ್ಕೂ ಚೌಕಾಸಿನಾ?" ಅವರು ನಗಲೂ ಇಲ್ಲ, ರೇಗಲೂ ಇಲ್ಲ. "ಇರ್ಲಿ ಬುಡು ಅಲ್ಲೇ" ಅಂದರು. ಇವರೊಳಗೊಬ್ಬ ಜಿಪುಣ ಇದ್ದಾನೆ ಅಂದುಕೊಂಡೆ. ಎರಡು ವರ್ಷ ಹೊಲಿಗೆಯ ವಿಷಯ ಬಾಯಿ ಬಿಡದ ನಾನು ಅವರನ್ನು ಜಿಪುಣ ಅಂದುಕೊಂಡೆ!

ಒಂದು ಬೆಳಿಗ್ಗೆ ತಡೆಯಲಾರದೆ ನಾನೇ ತರಿಸಿಬಿಟ್ಟೆ, ಅವರು ಕಲಿಸಿದ ವಿದ್ಯೆಯಿಂದಲೇ. ಅವರಿಗೆ ಹೇಳಲಿಲ್ಲ. ದಾರ ಬಿಚ್ಚಿ, ನಡುಮಡಿಕೆಯಲ್ಲಿ ಹೊಸದಾಗಿ ಹೊಲಿದು, ಕೈಗಿಟ್ಟು ಆಮೇಲೆ ಹೇಳೋಣ ಅನ್ನುವುದು ನನ್ನ ಲೆಕ್ಕ. ಒಪ್ಪಿಕೊಳ್ಳುವುದಾದರೂ ಕೆಲಸ ಸರಿಮಾಡಿ, ತಲೆಯೆತ್ತಿಕೊಂಡೇ ಒಪ್ಪಿಕೊಳ್ಳಬೇಕು ಅನ್ನುವ ಜಂಬ.

ಮಾರನೆಯ ದಿನ ಬಂದವರು ಗಾಡಿ ತೆಗೆದು ನೋಡಿ, "ಯಾರೋ ಹತ್ಕಂಡು ಹೋದ್ರು ಕಣಯ್ಯ" ಅಂದರು. ದನಿಯಲ್ಲಿ ದುಃಖ ಇದೆ ಅಂದುಕೊಂಡು ಒಳಗೊಳಗೇ ಖುಷಿಪಟ್ಟೆ, ಇನ್ನೊಂದು ವಾರದಲ್ಲಿ ಕುಣಿಸುತ್ತೇನೆ ಇವರನ್ನು ಅಂತ. ಅದು ದುಃಖವಲ್ಲ, ನಿರಾಳ ಅಂತ ಆಮೇಲೆ ತಿಳಿಯಿತು.

ಪುಸ್ತಕ ಬಂತು. ನನ್ನ ಕೈಯ ಗಂಟು ನನಗೇ ಗುರುತು ಸಿಕ್ಕಿತು. ಬ್ಲೇಡಿನಿಂದ ದಾರ ಕತ್ತರಿಸಿ ಫಾರಮುಗಳನ್ನು ಒಂದೊಂದಾಗಿ ಬಿಡಿಸಿದೆ. ನಲವತ್ತಾರನೆಯ ಪುಟದ ಒಳ ಅಂಚಿಗೆ ಒದ್ದೆ ಬಟ್ಟೆ ತಾಗಿಸಿ, ಗಟ್ಟಿಯಾಗಿದ್ದ ಅಂಟು ಬಿಡಿಸಿದೆ. ಮೂವತ್ತು ವರ್ಷ ಬೆಳಕು ಕಾಣದ ಅಕ್ಷರಗಳು, ಸುತ್ತಲಿನ ಕಾಗದಕ್ಕಿಂತ ಬೆಳ್ಳಗಿದ್ದ ಕಾಗದದ ಮೇಲೆ, ಅಚ್ಚು ಮಾಸದೆ ಇದ್ದವು.

ಮೊದಲ ಪದ: ಸೋತನು.

ಎರಡನೆಯ ಪದ: ಸೋತ. ಜನರು ಹೆಗಲ ಮೇಲೆ ಹೊತ್ತು ಮೆರೆಸಿದ್ದು ಸೋತ ಪೈಲ್ವಾನನನ್ನೇ.

ಬೀದಿಯವರು ಹೇಳಿದ್ದೂ ನಿಜ. ಮಾದಯ್ಯ ಹೇಳಿದ್ದರಲ್ಲಿ ಅರ್ಧ ನಿಜ, ಅದೂ ದೊಡ್ಡ ಅರ್ಧ. ಸೋತವನನ್ನು ಯಾವನು ಹೊರುತ್ತಾನೆ ಅಂದವರ ಅಪ್ಪಂದಿರೇ ಹೊತ್ತಿದ್ದರೋ ಏನೋ.

ಮರುದಿನ ಅವರು ಅಂಗಡಿಗೆ ಬರಲಿಲ್ಲ. ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಜಯಮ್ಮ ಫೋನು ಮಾಡಿದರು. ಎಂಟು ದಿನಕ್ಕೆ ಮನೆಗೆ ಕರೆತಂದರು. ಹೊಲಿಗೆ ಹಾಕಲು ನನಗೆ ಕೈಬಂದಿರಲಿಲ್ಲ. ಬಿಡಿ ಫಾರಮುಗಳನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು, ಹಳೆಯ ಕೆಂಪು ರಟ್ಟನ್ನೂ ಜೊತೆಗಿಟ್ಟುಕೊಂಡು ಶ್ರೀರಾಂಪುರಕ್ಕೆ ಹೋದೆ.

ಬಾಗಿಲು ತೆಗೆದ ಜಯಮ್ಮ, "ಬಾಪ್ಪ ನಂಜುಂಡ. ಜಾಸ್ತಿ ಮಾತಾಡಿಸ್ಬೇಡಿ ಅಂದವ್ರೆ ಡಾಕ್ಟ್ರು. ನಿಮ್ಮಿಬ್ರಿಗೂ ಆಯ್ತದಾ ಅದು?" ಅಂದರು.

ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ, ಕಿಟಕಿಯ ಪಕ್ಕದ ಮಂಚದಲ್ಲಿ ಸಿದ್ದರಾಜಣ್ಣ ಮಲಗಿದ್ದರು. ನಿಂತೇ ಕಂಡಿದ್ದ ಮನುಷ್ಯ ಮಲಗಿದರೆ ಇಷ್ಟು ಚಿಕ್ಕವರಾಗುತ್ತಾರಾ ಅನಿಸಿತು.

"ನೋಡಯ್ಯ, ಕೊನೆಗೂ ಸೀಟು ಸಿಕ್ತು" ಅಂದರು.

ಬಟ್ಟೆ ಬಿಚ್ಚಿದೆ. ಕೆಂಪು ರಟ್ಟು ನೋಡಿ ಅವರ ನಗು ನಿಂತಿತು.

"ನೀನಾ ತಗಂಡಿದ್ದು?"

"ಹೂಂ ಅಣ್ಣ."

"ಹೊಲಿದೋನೂ ನೀನೇ."

ಅದು ಪ್ರಶ್ನೆಯಾಗಿರಲಿಲ್ಲ. ನಾನು ಕೇಳಿದೆ: "ಯಾವಾಗ ಗೊತ್ತಾಯ್ತು?"

"ಅವತ್ತೇ. ನಿನ್ ಕೈಲಿ ಹೊಲಿದಿರೋವು ನಮ್ಮನೇಲಿ ನಲವತ್ತು ಪುಸ್ತಕ ಅವೆ. ಎಲ್ಲಾದ್ರಲ್ಲೂ ಅದೇ ಸೊನ್ನೆ, ಅದೇ ಗೀಟು. ಯಾವ ಕಟುಕ ಅಂತ ಕೇಳ್ದೆ, ನೀನು ರಸ್ತೆ ನೋಡ್ದೆ. ಒಂದು ಸ್ಟಾಪ್ ಬುಟ್ಟೆ ಕಣಯ್ಯ. ನೀನು ಎರಡು ವರ್ಷ ತಗಂಡೆ."

ನಾನು ತಲೆ ತಗ್ಗಿಸಿದೆ. ಏನಾದರೂ ಮಾತಾಡಬೇಕು ಅಂತ, "ನೀವು ಯಾಕಣ್ಣ ಅಷ್ಟು ದಿನ ಗಾಡಿಯಲ್ಲೇ ಇಟ್ಟುಕೊಂಡಿದ್ದಿರಿ? ಬೆಲೆ ಇಳಿದಿತ್ತಲ್ಲ" ಅಂದೆ.

ಅವರು ಕಿಟಕಿಯ ಕಡೆ ತಿರುಗಿದರು. "ಅದು ಅಲ್ಲೇ ಇರೋವಾಗ ಅಪ್ಪ ಗೆದ್ದಂಗೂ ಇತ್ತು, ಸೋತಂಗೂ ಇತ್ತು. ತರಿಸಿದ್ರೆ ಯಾವ್ದಾದ್ರೂ ಒಂದೇ ಆಗ್ಬುಡೋದು. ಧೈರ್ಯ ಬರ್ಲಿಲ್ಲ." ಕಿಟಕಿ ನೋಡುತ್ತಲೇ ಕೇಳಿದರು. "ಬಿಚ್ಚಿ ಓದ್ದಾ?"

"ಓದಿದೆ."

ತಲೆ ತಿರುಗಿಸಿ ನನ್ನ ಮುಖ ನೋಡಿದರು. ಸಾವಿರಾರು ಮುಖ ಓದಿದ ಕಣ್ಣು. ನಾನು ಮುಖವನ್ನು ಏನು ಮಾಡಲಿ, ಎಲ್ಲಿಡಲಿ? ಅದರಲ್ಲಿ ಮೊದಲನೆಯ ಪದ ಇದ್ದಿರಬೇಕು.

"ಸಾಕು ಬುಡು" ಅಂದರು.

"ಅಣ್ಣ, ಪೂರ್ತಿ ಕೇಳಿ, ಇನ್ನೊಂದು..."

ಅವರು ಕೈ ಎತ್ತಿದರು. ಬಸ್ಸು ನಿಲ್ಲಿಸುವಾಗ ಎತ್ತುತ್ತಿದ್ದ ಕೈ. "ಸಾಕು ಅಂದ್ನಲ್ಲ. ನಿನ್ ಮುಖದಲ್ಲೇ ಎಲ್ಲಾ ಅದೆ. ತಗಂಡೋಗಿ ಅದನ್ನ ಚೆನ್ನಾಗಿ ಹೊಲಿ. ಈ ಸಲನಾದ್ರೂ."

ಈ ಸಲವಾದರೂ. ಆ ಮಾತು ನನಗೆ ದಬ್ಬಣದ ಹಾಗೆ ನಾಟಿತು. ಒಂದೇ ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಮುಗಿಯುತ್ತಿತ್ತು. ಅವರು ಬೇಡ ಅಂದರೂ ಬಾಗಿಲಲ್ಲಿ ನಿಂತು ಕೂಗಿ ಹೇಳಬಹುದಿತ್ತು. ನಾನು ಹೇಳಲಿಲ್ಲ. ಹಾಳೆಗಳನ್ನು ಬಟ್ಟೆಗೆ ಸುತ್ತಿಕೊಂಡು ಎದ್ದುಬಂದೆ. ಗೇಟಿನ ಹತ್ತಿರ ಬೈಕಿಗೆ ಕೀಲಿ ಹಾಕುವಾಗ ವಾಪಸು ಹೋಗೋಣ ಅನ್ನಿಸಿತು. ಇಲ್ಲ, ಮೊದಲು ಹೊಲಿಯುತ್ತೇನೆ. ಇಂಥ ಹೊಲಿಗೆ ಯಾರೂ ಹಾಕಿರಬಾರದು, ಹಾಗೆ ಹೊಲಿದು ತಂದು, ಎದುರಿಗೆ ಬಿಚ್ಚಿಟ್ಟು ಓದಿ ಹೇಳುತ್ತೇನೆ ಅಂದುಕೊಂಡೆ. ಕೈಕೆಲಸದವನ ಸೊಕ್ಕು ಅದು. ಬರಿಗೈಯಲ್ಲಿ ಮಾತಾಡಲು ಬಾರದು.

ಬೇರೆ ಕೆಲಸವೆಲ್ಲ ಬದಿಗಿಟ್ಟು ಆ ನೂರು ಪುಟದ ಪುಸ್ತಕವನ್ನು ಮೂರು ದಿನ ಹೊಲಿದೆ. ಹರಿದ ಮಡಿಕೆಗಳಿಗೆ ತೆಳ್ಳನೆಯ ಕಾಗದ ಅಂಟಿಸಿ, ಒಣಗಿಸಿ, ಮತ್ತೆ ಮಡಿಸಿ ಹೊಲಿದೆ. ಮೂರನೆಯ ದಿನ ಬೆನ್ನಿಗೆ ಅಂಟು ಹಚ್ಚುತ್ತಿದ್ದಾಗ ಫೋನು ಬಂತು. ಅವರು ಬೆಳಿಗ್ಗೆ ಕಾಫಿ ಕೇಳಿದರಂತೆ. ಜಯಮ್ಮ ಲೋಟ ಹಿಡಿದು ಬರುವಷ್ಟರಲ್ಲಿ ಇರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಪುಸ್ತಕ ತೆಗೆದುಕೊಂಡು ಹೋದೆ. ಜಯಮ್ಮನವರ ಮುಂದೆ ಕೂತು, ನಲವತ್ತಾರನೆಯ ಪುಟ ಬಿಚ್ಚಿ, ಬೆರಳಿಟ್ಟು ಓದಿದೆ. "ಆ ದಿನದ ಕಡೆಯ ಜೋಡಿಯಲ್ಲಿ ನಮ್ಮ ಮಾದಯ್ಯನು ಮುಕ್ಕಾಲು ಗಂಟೆ ಸೆಣಸಿ ಸೋತನು. ಜನರು ಹೆಗಲ ಮೇಲೆ ಹೊತ್ತು ಮೆರೆಸಿದ್ದು ಸೋತ ಪೈಲ್ವಾನನನ್ನೇ."

ಅವರು ಇನ್ನೊಂದು ಸಲ ಓದಿಸಿದರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಹಂಗಾದ್ರೆ ನಮ್ಮಾವನ್ನ ಹೊತ್ತಿದ್ದು ನಿಜಾನಾ?"

"ನಿಜ ಕಣಮ್ಮ."

"ನೀನು ಅವತ್ತು ಹೋದ್ಮೇಲೆ ಎರಡು ದಿನಾನೂ ಇವ್ರದ್ದು ಒಂದೇ ಮಾತು ಕಣಪ್ಪ. 'ಅಪ್ಪ ಸೋತಿದ್ದು ಸರಿ ಕಣೇ, ಮನುಷ್ಯ ಅಂದ್ಮೇಲೆ ಸೋಲ್ತಾನೆ. ಹೆಗಲ ಮೇಲೆ ಹೊತ್ಕಂಡ್ ಬಂದ್ರು ಅಂತ ನಂಗ್ಯಾಕೆ ಸುಳ್ಳು ಹೇಳ್ದ?' ಅಂತ." ಪುಸ್ತಕವನ್ನು ನನ್ನ ಕಡೆಗೇ ಸರಿಸಿದರು. "ಇದನ್ನ ನಂಗ್ಯಾಕಪ್ಪ ಓದ್ತೀಯ?"

ಆಮೇಲೆ ಬಾಗಿಲವರೆಗೂ ಬಂದು, ಎಂದಿನ ಹಾಗೆ "ಹೋಗ್ಬಾಪ್ಪ" ಅಂದರು. ಪುಸ್ತಕ ಮಾತ್ರ ಇಟ್ಟುಕೊಳ್ಳಲಿಲ್ಲ.

ನೆಟ್ಟಿನಲ್ಲಿ ಇವತ್ತಿಗೂ ಇರುವುದು ನನ್ನ ಹೊಲಿಗೆ ಅಕ್ಷರ ನುಂಗಿದ ಪುಸ್ತಕವೇ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಇಳಿಸಿಕೊಂಡವರು ನಲವತ್ತಾರನೆಯ ಪುಟಕ್ಕೆ ಬಂದಾಗ ಆ ಎರಡು ಪದಗಳನ್ನು ಇಲ್ಲಿಂದ ಸೇರಿಸಿ ಓದಿಕೊಳ್ಳಲಿ ಅಂತಲೇ ಏಳನೇ ಕ್ಲಾಸಿನವನು ಇಷ್ಟು ಬರೆದದ್ದು.

ಪುಸ್ತಕ ನನ್ನ ಅಂಗಡಿಯಲ್ಲಿದೆ, ಪಟ್ಟಿಯ ಬಣ್ಣ ಹೋದ ಜಾಗದ ಕೆಳಗೆ. ಬಂದ ಗಿರಾಕಿಗಳು ಕೈಗೆತ್ತಿಕೊಂಡು, ಎಷ್ಟು ಚೆನ್ನಾಗಿ ಹೊಲಿದಿದ್ದೀರಿ ಅನ್ನುತ್ತಾರೆ. ನನ್ನ ಹಳೆಯ ಮಾತನ್ನು ಈಗ ಹೇಳುವುದಿಲ್ಲ. ಎಲ್ಲಿ ತೆಗೆದರೂ ಅಂಗೈಯ ಹಾಗೆ ಬಿಚ್ಚಿಕೊಳ್ಳುತ್ತದೆ. ಒಂದಕ್ಷರವೂ ಹೋಗಿಲ್ಲ.